ನಾಳೆ ಗೊತ್ತಿಲ್ವಾ? ಅಕ್ಕಡಿ ಸಾಲು ಹಾಕಿ
ಆಫೀಸಿನಲ್ಲಿ ಲೇಆಫ್ ಸುದ್ದಿ ಹಬ್ಬಿದಾಗಲೆಲ್ಲ ನನಗೆ ನೆನಪಾಗುವುದು ನಮ್ಮ ತುಮಕೂರು ಕಡೆಯ ರಾಗಿ ಹೊಲ. ಮಳೆಯನ್ನು ಅಲ್ಲಿ ಯಾರೂ ನಂಬುವ ಹಾಗಿಲ್ಲ. 2023ರಲ್ಲಂತೂ ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ ಎಂದು ಘೋಷಣೆಯಾದವು. ಹಾಗಂತ ರೈತರು ಬಿತ್ತನೆ ಬಿಡಲ್ಲ. ರಾಗಿಯ ನಡುನಡುವೆ ಅವರೆ, ತೊಗರಿ, ಹುಚ್ಚೆಳ್ಳಿನ ಅಕ್ಕಡಿ ಸಾಲು ಹಾಕುತ್ತಾರೆ. ರಾಗಿ ಕೈಕೊಟ್ಟರೂ ಆಳಕ್ಕೆ ಬೇರು ಬಿಡುವ ತೊಗರಿ ತಡೆದುಕೊಳ್ಳಬಹುದು, ಚಳಿಗಾಲದ ಇಬ್ಬನಿಗೆ ಅವರೆ ಕಾಯಿ ಕಟ್ಟಬಹುದು.

ನಾಳೆ ಏನಾಗುತ್ತೋ ಗೊತ್ತಿಲ್ಲ ಎಂದು ಒಪ್ಪಿಕೊಂಡವರಿಗೇ ಈ ಉಪಾಯ ಹೊಳೆಯುವುದು. ಕೆಲಸ ಇರುವಾಗಲೇ ನಾನೂ ಎರಡು ಸಾಲು ಹಾಕಿದ್ದೇನೆ: ಆರು ತಿಂಗಳ ಖರ್ಚಿಗಾಗುವಷ್ಟು ಉಳಿತಾಯ, ವಾರಕ್ಕೆ ಮೂರು ಗಂಟೆ ಹೊಸ ಕಲಿಕೆ. ಭಯ ಪೂರ್ತಿ ಹೋಗಿಲ್ಲ. ಆದರೆ ರಾತ್ರಿ ನಿದ್ದೆ ಬರುತ್ತಿದೆ. ನಿಮ್ಮ ಅಕ್ಕಡಿ ಸಾಲು ಯಾವುದು?