ಕುಳಿತೇಳುವುದರ ವಿಜ್ಞಾನ

ದಾಸೋಹದ ಪಂಕ್ತಿಯಲ್ಲಿ ಊಟ ಮುಗಿಯಿತು; ಎಲ್ಲರೂ ಏಳುತ್ತಾರೆ. ಹುಡುಗರು ನೆಲಕ್ಕೆ ಕೈ ತಾಗಿಸದೆ ಥಟ್ಟನೆ ನಿಲ್ಲುವರು. ನಡುವಯಸ್ಸಿನವರು ಮೈಯನ್ನು ಮುಂದಕ್ಕೆ ಬಾಗಿಸಿ ನಿಧಾನವಾಗಿ ಏಳುವರು. ಮುದುಕರು ಮೊಣಕಾಲಿನ ಮೇಲೆ ಕೈಯೂರಿ, ಪಕ್ಕದವರ ಹೆಗಲು ಹಿಡಿದು ಎದ್ದು ನಿಲ್ಲುವರು. ಹುಮನಾಬಾದ್, ಬಸವಕಲ್ಯಾಣಗಳ ಸೀಮೆಯಲ್ಲಿ ಈ ನೋಟ ತೀರ ಸಾಮಾನ್ಯವಾದುದು. ಆದರೆ ಅದರಲ್ಲಿ ಯಂತ್ರಶಾಸ್ತ್ರದ ಒಂದು ಸೊಗಸಾದ ಪಾಠ ಅಡಗಿದೆ. ಏಳುವಾಗ ನಮ್ಮ ಕಾಲುಗಳಲ್ಲಿ ನಡೆಯುವುದೇನು? ವಯಸ್ಸಾದಂತೆ ಅದು ಕಷ್ಟವಾಗುವುದೇಕೆ?

ಮೊದಲು ಒಂದು ಮೂಲ ಸಂಗತಿಯನ್ನು ತಿಳಿಯೋಣ. ಸ್ನಾಯು ಎಳೆಯಬಲ್ಲುದು, ನೂಕಲಾರದು. ಹಗ್ಗ ಕಟ್ಟಿದ ಎತ್ತು ಬಂಡೆಯನ್ನು ತನ್ನತ್ತ ಎಳೆದೀತು. ಅದೇ ಹಗ್ಗದಿಂದ ಅದನ್ನು ಆಚೆಗೆ ತಳ್ಳಲಾರದು. ಆದುದರಿಂದ ಒಂದು ಕೀಲು ಎರಡೂ ಕಡೆಗೆ ಆಡಬೇಕಾದರೆ ಅದರ ಎದುರುಬದುರಿನಲ್ಲಿ ಸ್ನಾಯುಗಳ ಎರಡು ತಂಡಗಳು ಬೇಕು: ಒಂದು ಮಡಿಸುವುದಕ್ಕೆ, ಮತ್ತೊಂದು ಚಾಚುವುದಕ್ಕೆ.

ಮೊಣಕಾಲನ್ನು ಚಾಚುವುದು ತೊಡೆಯ ಮುಂಭಾಗದ ಕ್ವಾಡ್ರಿಸೆಪ್ಸ್. ನಾಲ್ಕು ಸ್ನಾಯುಗಳು ಕೂಡಿ ಆದ ಈ ತಂಡ ಮಂಡಿಚಿಪ್ಪನ್ನು ಹಿಡಿದು, ಅದರ ಕೆಳಗಿನ ಗಟ್ಟಿ ಪಟ್ಟಿಯ ಮೂಲಕ ಮುಂಗಾಲಿನ ಮೂಳೆಯನ್ನು ಎಳೆಯುತ್ತದೆ. ಮೊಣಕಾಲನ್ನು ಮಡಿಸುವವು ತೊಡೆಯ ಹಿಂಭಾಗದ ಮೂರು ಸ್ನಾಯುಗಳು. ಇವಕ್ಕೆ ಹ್ಯಾಮ್‌ಸ್ಟ್ರಿಂಗ್ ಎಂದು ಹೆಸರು. ಮಂಡಿಯ ಹಿಂದೆ ಎರಡೂ ಪಕ್ಕಗಳಲ್ಲಿ ಬಿಗಿದ ದಾರದಂತೆ ಕೈಗೆ ಸಿಗುವವು ಇವುಗಳ ತುದಿಗಳೇ. ಇನ್ನು ಸೊಂಟದ ಕೀಲು. ಅದನ್ನು ಚಾಚುವುದು ಮುಖ್ಯವಾಗಿ ಪಿರ್ರೆಯ ದಪ್ಪ ಸ್ನಾಯುವಾದ ಗ್ಲೂಟಿಯಸ್ ಮ್ಯಾಕ್ಸಿಮಸ್. ಬೆನ್ನುಮೂಳೆಯ ಕೆಳಭಾಗದಿಂದಲೂ ಸೊಂಟದ ಮೂಳೆಯ ಒಳಮೈಯಿಂದಲೂ ಹೊರಟು ತೊಡೆಮೂಳೆಗೆ ಸೇರುವ ಇಲಿಯೊಸೋವಾಸ್ ತೊಡೆಯನ್ನು ಮೇಲಕ್ಕೆತ್ತಿ ಆ ಕೀಲನ್ನು ಮಡಿಸುತ್ತದೆ. ಬಸವಕಲ್ಯಾಣದ ಕೋಟೆಯ ಮೆಟ್ಟಿಲು ಹತ್ತುವಾಗ ಕಾಲನ್ನು ಮುಂದಿನ ಮೆಟ್ಟಿಲಿಗೆ ಎತ್ತಿಡುವುದು ಇದರ ಕೆಲಸ. ಆ ಕಾಲಿನ ಮೇಲೆ ಮೈಯನ್ನು ಏರಿಸುವುದು ಚಾಚುವ ಸ್ನಾಯುಗಳ ಕೆಲಸ.

ಚಕ್ಕಳಮಕ್ಕಳ ಹಾಕಿ ಕೂರುವ ನಮಗೆ ಇನ್ನೊಂದು ಸ್ನಾಯುವಿನ ಪರಿಚಯವೂ ಬೇಕು. ಸೊಂಟದ ಹೊರಬದಿಯಿಂದ ತೊಡೆಯನ್ನು ಓರೆಯಾಗಿ ದಾಟಿ ಮೊಣಕಾಲಿನ ಒಳಬದಿಗೆ ಇಳಿಯುವ ಸಾರ್ಟೋರಿಯಸ್ ಎಂಬುದು ದೇಹದ ಅತ್ಯಂತ ಉದ್ದವಾದ ಸ್ನಾಯು. ಲ್ಯಾಟಿನ್ ಭಾಷೆಯಲ್ಲಿ ಆ ಹೆಸರಿನ ಮೂಲ ‘ದರ್ಜಿ’ ಎಂಬ ಮಾತು. ಹಿಂದೆ ದರ್ಜಿಗಳು ಕುಳಿತು ಹೊಲಿಯುತ್ತಿದ್ದ ಭಂಗಿಯೂ ಚಕ್ಕಳಮಕ್ಕಳವೇ.

ಈಗ ಒಂದು ಸಣ್ಣ ಲೆಕ್ಕ ಮಾಡೋಣ. 60 ಕಿಲೋಗ್ರಾಂ ತೂಕದ ವಿದ್ಯಾರ್ಥಿಯೊಬ್ಬ ಅರ್ಧ ಕುಳಿತ ಭಂಗಿಯಲ್ಲಿ ನಿಂತಿದ್ದಾನೆನ್ನಿ. ನೆಲವು ಅವನ ಒಂದೊಂದು ಪಾದವನ್ನೂ 30 ಕಿಲೋಗ್ರಾಂ ಭಾರದಷ್ಟು ಬಲದಿಂದ ಮೇಲಕ್ಕೆ ನೂಕುತ್ತದೆ. ಈ ಬಲದ ರೇಖೆ ಮೊಣಕಾಲಿನ ಕೀಲಿನಿಂದ 20 ಸೆಂಟಿಮೀಟರ್ ಹಿಂದೆ ಹಾದುಹೋಗುತ್ತಿರಲಿ. ಮಂಡಿಚಿಪ್ಪಿನ ಪಟ್ಟಿಯಾದರೋ ಕೀಲಿನಿಂದ ಸುಮಾರು 4 ಸೆಂಟಿಮೀಟರ್ ಮಾತ್ರ ದೂರದಲ್ಲಿದೆ. ಸನ್ನೆಕೋಲಿನ ನಿಯಮದಂತೆ ಸ್ನಾಯು ಎಳೆಯಬೇಕಾದ ಬಲ 30 × 20 ÷ 4, ಎಂದರೆ 150 ಕಿಲೋಗ್ರಾಂ ಭಾರ. ಒಂದೊಂದು ತೊಡೆಯೂ ಒಂದೂವರೆ ಕ್ವಿಂಟಲ್ ಜೋಳ ತೂಗಿದಂತಾಯಿತು! ಮಂಡಿಚಿಪ್ಪಿನ ಉಪಯೋಗವೂ ಇಲ್ಲಿಯೇ ತಿಳಿಯುತ್ತದೆ. ಅದು ಪಟ್ಟಿಯನ್ನು ಕೀಲಿನಿಂದ ಮುಂದಕ್ಕೆ ಎತ್ತಿ ಹಿಡಿದು ಸನ್ನೆಯ ತೋಳನ್ನು ಉದ್ದ ಮಾಡುತ್ತದೆ. ಅದಿಲ್ಲದಿದ್ದರೆ ಸ್ನಾಯುವಿನ ಹೊರೆ ಇನ್ನೂ ಹೆಚ್ಚುತ್ತಿತ್ತು.

ನಡುವಯಸ್ಸಿನವರು ಮೈ ಬಾಗಿಸಿ ಏಳುವುದರ ಗುಟ್ಟೂ ಇದೇ. ಮುಂಡ ಮುಂದಕ್ಕೆ ಬಾಗಿದಾಗ ಬಲದ ರೇಖೆ ಮೊಣಕಾಲಿನ ಸಮೀಪಕ್ಕೆ ಸರಿಯುತ್ತದೆ. 20 ಸೆಂಟಿಮೀಟರ್ ದೂರ 10ಕ್ಕೆ ಇಳಿದರೆ ತೊಡೆಯ ಹೊರೆ ಅರ್ಧವಾಗುವುದು. ಹೊರೆಯ ಹೆಚ್ಚಿನ ಪಾಲನ್ನು ಆಗ ಪಿರ್ರೆಯ ದೊಡ್ಡ ಸ್ನಾಯು ಹೊರುತ್ತದೆ. ಮುದುಕರು ಮೊಣಕಾಲಿನ ಮೇಲೆ ಕೈಯೂರಿದಾಗ ತೋಳುಗಳ ಬಲವೂ ಕಾಲಿನ ನೆರವಿಗೆ ಬರುತ್ತದೆ. ಲೆಕ್ಕ ಮಾಡದೆಯೇ ದೇಹವು ಲೆಕ್ಕವನ್ನು ಬಿಡಿಸಿಕೊಂಡಿದೆ.

ಇನ್ನು ಓದುಗರು ಒಂದು ಪ್ರಯೋಗ ಮಾಡಿ ನೋಡಬಹುದು. ಕುರ್ಚಿಯ ಮೇಲೆ ಕುಳಿತು, ಒಂದು ಕೈಯನ್ನು ತೊಡೆಯ ಮುಂದೆಯೂ ಇನ್ನೊಂದನ್ನು ಹಿಂದೆಯೂ ಇಟ್ಟುಕೊಂಡು ಮೆಲ್ಲನೆ ಏಳಿರಿ. ಮುಂದಿನ ಸ್ನಾಯು ಗಟ್ಟಿಯಾಗುವುದು ಸಹಜ. ಆದರೆ ಹಿಂದಿನದೂ ಗಟ್ಟಿಯಾಗುತ್ತದೆ! ಅದು ಮೊಣಕಾಲನ್ನು ಮಡಿಸುವ ಸ್ನಾಯುವಲ್ಲವೆ? ಚಾಚುವ ಹೊತ್ತಿನಲ್ಲಿ ಅದಕ್ಕೇನು ಕೆಲಸ? ಅಮೆರಿಕದ ಶರೀರವಿಜ್ಞಾನಿ ವಾರನ್ ಲೊಂಬಾರ್ಡ್ 1903ರಲ್ಲಿ ಈ ಒಗಟನ್ನು ವಿವರಿಸಿದರು. ಇಂದಿಗೂ ಅದಕ್ಕೆ ಅವರದೇ ಹೆಸರು.

ಉತ್ತರ ಸನ್ನೆಕೋಲಿನಲ್ಲಿಯೇ ಇದೆ. ಹ್ಯಾಮ್‌ಸ್ಟ್ರಿಂಗ್ ಬಹುಮಟ್ಟಿಗೆ ಎರಡು ಕೀಲುಗಳನ್ನು ದಾಟುವ ತಂಡ. ಅದು ಮೊಣಕಾಲನ್ನು ಮಡಿಸುವಂತೆಯೇ ಸೊಂಟವನ್ನು ಚಾಚಲೂ ಬಲ್ಲುದು. ಕ್ವಾಡ್ರಿಸೆಪ್ಸ್‌ನ ನಾಲ್ಕರಲ್ಲಿ ಒಂದಾದ ರೆಕ್ಟಸ್ ಫೆಮೊರಿಸ್ ಕೂಡ ಎರಡು ಕೀಲುಗಳನ್ನು ದಾಟುತ್ತದೆ. ಅದು ಮೊಣಕಾಲನ್ನು ಚಾಚಿ ಸೊಂಟವನ್ನು ಮಡಿಸುತ್ತದೆ. ಸೊಂಟದ ಬಳಿ ಹಿಂದಿನ ಸ್ನಾಯುವಿನ ಸನ್ನೆಯ ತೋಳು ಉದ್ದ. ಮೊಣಕಾಲಿನ ಬಳಿ ಮುಂದಿನದರ ತೋಳು ಉದ್ದ. ಎರಡೂ ಒಟ್ಟಿಗೆ ಎಳೆದಾಗ ಸೊಂಟದಲ್ಲಿ ಹಿಂದಿನದು ಗೆಲ್ಲುತ್ತದೆ, ಮೊಣಕಾಲಿನಲ್ಲಿ ಮುಂದಿನದು ಗೆಲ್ಲುತ್ತದೆ. ಫಲವಾಗಿ ಎರಡು ಕೀಲುಗಳೂ ಚಾಚಿಕೊಂಡು ಮನುಷ್ಯ ಎದ್ದು ನಿಲ್ಲುತ್ತಾನೆ. ಒಂದಕ್ಕೊಂದು ವೈರಿಗಳೆಂದು ತೋರಿದವು ನಿಜವಾಗಿ ಜೊತೆಗಾರರು.

ಕೂರುವಾಗಲೂ ಒಂದು ಸೋಜಿಗವುಂಟು. ಮೊಣಕಾಲು ಮಡಿಯುತ್ತಿದ್ದರೂ ಅದನ್ನು ಮಡಿಸುತ್ತಿರುವುದು ಮುಖ್ಯವಾಗಿ ಭೂಮಿಯ ಆಕರ್ಷಣೆ. ಚಾಚುವ ಸ್ನಾಯುಗಳು ಉದ್ದವಾಗುತ್ತಲೇ ಬಿಗಿ ಹಿಡಿದು, ಮೈ ದೊಪ್ಪನೆ ಬೀಳದಂತೆ ತಡೆಯುತ್ತವೆ. ಕುಸ್ತಿಯವರ ಬೈಠಕ್ಕಿನಲ್ಲಿ ಇಳಿಯುವಾಗಲೂ ಏರುವಾಗಲೂ ತೊಡೆಗೆ ದುಡಿಮೆ ತಪ್ಪದಿರುವುದು ಇದರಿಂದಲೇ.

ಸ್ನಾಯುಗಳನ್ನು ಹೀಗೆ ಸಾಧನೆಯಿಂದ ಬೆಳೆಸುವ ವಿದ್ಯೆ ಈ ನೆಲಕ್ಕೆ ಹೊಸದಲ್ಲ. ಕಲ್ಯಾಣದಿಂದ ಆಳಿದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನಿಗೆ ‘ಭೂಲೋಕಮಲ್ಲ’ ಎಂಬ ಬಿರುದಿತ್ತು. 12ನೆಯ ಶತಮಾನದ ಪೂರ್ವಾರ್ಧದಲ್ಲಿ ಅವನ ಹೆಸರಿನಲ್ಲಿ ರಚಿತವಾದ ‘ಮಾನಸೋಲ್ಲಾಸ’ವೆಂಬ ಸಂಸ್ಕೃತ ಗ್ರಂಥದಲ್ಲಿ ಮಲ್ಲವಿನೋದವೆಂಬ ಭಾಗವೊಂದಿದೆ. ಮಲ್ಲರ ವರ್ಗೀಕರಣ, ಆಹಾರ, ವ್ಯಾಯಾಮಗಳು ಅಲ್ಲಿ ಬಂದಿವೆ. ಇಂದಿಗೂ ಈ ಸೀಮೆಯ ಜಾತ್ರೆಗಳ ಕುಸ್ತಿಗೆ ಜನ ನೆರೆಯುತ್ತಾರೆ.

ಆದರೆ ಸಾಧನೆ ಪೈಲ್ವಾನರ ಸೊತ್ತು ಮಾತ್ರವಲ್ಲ. ಬಳಸದ ಸ್ನಾಯು ಸೊರಗುತ್ತದೆ. ನಡುವಯಸ್ಸು ದಾಟಿದ ಮೇಲೆ ಅದು ಇನ್ನೂ ಬೇಗ ಕ್ಷೀಣಿಸುತ್ತದೆ. ಮೊದಲು ನೆಲದಿಂದ ಏಳುವುದು, ಅನಂತರ ಕುರ್ಚಿಯಿಂದ ಏಳುವುದು, ಕೊನೆಗೆ ಪರಸಹಾಯವಿಲ್ಲದೆ ಬಚ್ಚಲಿಗೆ ಹೋಗಿ ಬರುವುದು, ಹೀಗೆ ಒಂದೊಂದಾಗಿ ಸ್ವಾತಂತ್ರ್ಯಗಳು ಕೈಬಿಟ್ಟುಹೋಗುವುವು. ವಯಸ್ಸಾಯಿತು, ಇನ್ನೇನು ಎಂದು ಕೈಚೆಲ್ಲಬೇಕಾಗಿಲ್ಲ. 1990ರಲ್ಲಿ ಬಾಸ್ಟನ್ನಿನ ಮರಿಯಾ ಫಿಯಾಟರೋನ್ ಮತ್ತು ಸಂಗಡಿಗರು ಪ್ರಕಟಿಸಿದ ಅಧ್ಯಯನವೊಂದರಲ್ಲಿ, ಸುಮಾರು 90 ವರ್ಷದ ದುರ್ಬಲ ವೃದ್ಧರಿಗೆ 8 ವಾರ ಕಾಲ ತೊಡೆಯ ಸ್ನಾಯುಗಳಿಗೆ ಭಾರದ ವ್ಯಾಯಾಮ ಮಾಡಿಸಲಾಯಿತು. ಸಾಧನೆ ಪೂರೈಸಿದವರ ಸ್ನಾಯುಬಲ ಸರಾಸರಿ ಶೇಕಡಾ 174ರಷ್ಟು ಹೆಚ್ಚಿತು.

ಇಂದು ನಮ್ಮ ಮನೆಗಳಲ್ಲಿ ಕುರ್ಚಿ ಮೇಜುಗಳು ಬಂದಿವೆ. ನೆಲದಲ್ಲಿ ಕುಳಿತೇಳುವ ಸಂದರ್ಭಗಳು ಕಡಿಮೆಯಾಗುತ್ತಿವೆ. ಮಂಡಿನೋವುಳ್ಳವರು ವೈದ್ಯರನ್ನು ಕೇಳಿಯೇ ಮುಂದುವರಿಯಬೇಕು. ನೋವಿಲ್ಲದ ಹಿರಿಯರಿಗೆ ಗಟ್ಟಿಯಾದ ಕುರ್ಚಿಯಿಂದ ದಿನಕ್ಕೆ ಹತ್ತು ಸಲ ಕುಳಿತೇಳುವುದೂ ಒಂದು ಸಾಧನೆಯೇ. ವಿದ್ಯಾರ್ಥಿಗಳಾದರೋ ತಮ್ಮ ಅಜ್ಜ ಅಜ್ಜಿಯರು ಏಳುವುದನ್ನು ಗಮನಿಸಿ, ಹತ್ತಿರ ನಿಂತು ಅವರಿಂದ ಇದನ್ನು ಮಾಡಿಸಬಹುದು. ಕೂಡಲೇ ಕೈಹಿಡಿದು ಎಬ್ಬಿಸುವುದು ಪ್ರೀತಿ. ಅವರೇ ಏಳುವಂತೆ ಬಲ ತುಂಬುವುದು ಅದಕ್ಕಿಂತ ದೊಡ್ಡ ಪ್ರೀತಿ.