ಕ್ರಯಪತ್ರದ ಹೆಬ್ಬೆಟ್ಟು ಕಳ್ಳರ ಕೈಸೇರಿದಾಗ

ಯಾರಿಗೂ ಓಟಿಪಿ ಹೇಳದ, ಯಾವ ಲಿಂಕನ್ನೂ ಒತ್ತದ ಗ್ರಾಹಕರ ಬ್ಯಾಂಕ್ ಖಾತೆಗಳಿಂದಲೂ 2023ರಲ್ಲಿ ಕರ್ನಾಟಕದ ಹಲವೆಡೆ ಹಣ ಕಾಣೆಯಾಗತೊಡಗಿತು. ಮಂಗಳೂರಿನ ಪೊಲೀಸರು ಬಿಹಾರ ಮೂಲದ ಆರೋಪಿಗಳನ್ನು ಬಂಧಿಸಿದಾಗ, ಆಸ್ತಿ ನೋಂದಣಿಯ ಕಾವೇರಿ ಜಾಲತಾಣದಲ್ಲಿ ದೊರೆಯುತ್ತಿದ್ದ ದಸ್ತಾವೇಜುಗಳ ಪ್ರತಿಗಳೇ ಈ ವಂಚನೆಯ ಮೂಲವೆಂಬುದು ಬೆಳಕಿಗೆ ಬಂತು. ಕ್ರಯಪತ್ರದಲ್ಲಿ ಆಧಾರ್ ಸಂಖ್ಯೆಯೂ ಬೆರಳಚ್ಚೂ ಒಟ್ಟಿಗೇ ಇರುತ್ತಿದ್ದುದರಿಂದ, ಕಳ್ಳರು ಸರ್ಕಾರದ ಗಣಕಯಂತ್ರಕ್ಕೆ ಕನ್ನ ಹಾಕುವ ಅಗತ್ಯವೇ ಇರಲಿಲ್ಲ.

ಬೆರಳಚ್ಚು ಕ್ರಯಪತ್ರಕ್ಕೆ ಬಂದುದಕ್ಕೆ ಕಾನೂನಿನ ಕಾರಣವಿದೆ. ಒಬ್ಬರ ಹೆಸರಿನಲ್ಲಿ ಇನ್ನೊಬ್ಬರು ನಿಂತು ಜಮೀನು ಮಾರುವುದನ್ನು ತಡೆಯಲೆಂದು 2001ರ ತಿದ್ದುಪಡಿಯು 1908ರ ನೋಂದಣಿ ಕಾಯ್ದೆಗೆ 32ಎ ಕಲಮನ್ನು ಸೇರಿಸಿ, ಭಾವಚಿತ್ರ ಮತ್ತು ಬೆರಳಚ್ಚನ್ನು ಕಡ್ಡಾಯಗೊಳಿಸಿತು. ಸಾಗರ, ಹೊಸನಗರ, ತೀರ್ಥಹಳ್ಳಿಗಳ ಉಪನೋಂದಣಾಧಿಕಾರಿ ಕಚೇರಿಗಳಲ್ಲಿ ತೋಟ, ಗದ್ದೆ, ಮನೆಗಳ ವಿಭಾಗಪತ್ರವೋ ದಾನಪತ್ರವೋ ಆಗುವುದು ಈ ಕಲಮಿನಂತೆಯೇ. ಸೋಗು ಹಾಕುವವರನ್ನು ತಡೆಯಲು ತಂದ ಕ್ರಮವೇ ಸೋಗಿಗೆ ಬೇಕಾದ ಸಾಮಗ್ರಿಯನ್ನು ಒದಗಿಸಿದ್ದು ಈ ಪ್ರಕರಣದ ವಿಪರ್ಯಾಸ.

ಕದ್ದ ಅಚ್ಚನ್ನು ಹಣವಾಗಿಸಿದ್ದು ಎಇಪಿಎಸ್, ಅಂದರೆ ಆಧಾರ್ ಆಧಾರಿತ ಪಾವತಿ ವ್ಯವಸ್ಥೆ. ಬ್ಯಾಂಕ್ ಶಾಖೆ ದೂರವಿರುವ ಹಳ್ಳಿಗಳಲ್ಲಿ ಬ್ಯಾಂಕ್ ಮಿತ್ರರ ಕೈಯಲ್ಲಿರುವ ಪುಟ್ಟ ಯಂತ್ರಕ್ಕೆ ಬ್ಯಾಂಕಿನ ಹೆಸರು, ಆಧಾರ್ ಸಂಖ್ಯೆ ಮತ್ತು ಬೆರಳನ್ನು ಕೊಟ್ಟರೆ ಸಾಕು, ಪಾಸ್‌ಬುಕ್ಕಾಗಲಿ ಓಟಿಪಿಯಾಗಲಿ ಬೇಕಿಲ್ಲ. ಪಿಂಚಣಿದಾರರಿಗೆ ಇದು ನಿಜಕ್ಕೂ ಉಪಕಾರಿ. ಆದರೆ ದಸ್ತಾವೇಜಿನ ಅಚ್ಚಿನಿಂದ ನಕಲಿ ಬೆರಳು ತಯಾರಿಸಿದವನಿಗೆ, ಖಾತೆದಾರ ಮಲೆನಾಡಿನಲ್ಲಿದ್ದರೂ ಬೇರೆ ರಾಜ್ಯದ ಯಂತ್ರವೊಂದರಿಂದ ಹಣ ತೆಗೆಯುವುದು ಸಾಧ್ಯವಾಯಿತು. ಅಡಿಕೆ ಸುಲಿದು ಚೊಗರು ಹಿಡಿದು ಗೆರೆ ಸವೆದ ನಿಜವಾದ ಬೆರಳನ್ನು ನ್ಯಾಯಬೆಲೆ ಅಂಗಡಿಯ ಯಂತ್ರ ಮತ್ತೆ ಮತ್ತೆ ತಿರಸ್ಕರಿಸುವುದನ್ನು ಬಲ್ಲವರಿಗೆ, ನಕಲಿ ಬೆರಳು ಸಲೀಸಾಗಿ ಒಪ್ಪಿಗೆಯಾಗುವುದು ಕಹಿಯಾಗಿಯೇ ತೋರೀತು. ಬೆರಳು ಜೀವಂತವೇ ಎಂದು ಪರೀಕ್ಷಿಸುವ ತಂತ್ರವನ್ನು ಆಧಾರ್ ಪ್ರಾಧಿಕಾರ 2023ರ ಫೆಬ್ರುವರಿಯಲ್ಲಿ ಪ್ರಕಟಿಸಿತ್ತಾದರೂ ವಂಚನೆ ಆ ವರ್ಷ ನಿಲ್ಲಲಿಲ್ಲ.

ಪಾಸ್‌ವರ್ಡ್ ಸೋರಿದರೆ ಬದಲಾಯಿಸಬಹುದು, ಹೆಬ್ಬೆರಳನ್ನು ಬದಲಾಯಿಸಲಾಗದು. ಈ ಘಟನೆಯ ಗಂಭೀರತೆ ಕಳೆದುಹೋದ ಹಣಕ್ಕಿಂತ ಹೆಚ್ಚಾಗಿ ಇಲ್ಲಿಯೇ ಇದೆ. ಜಾಲತಾಣದ ಪ್ರತಿಗಳಲ್ಲಿ ಬೆರಳಚ್ಚನ್ನು ಮರೆಮಾಚಲು ನೋಂದಣಿ ಇಲಾಖೆ ಆ ಬಳಿಕ ಮುಂದಾಯಿತು. ತೆಲಂಗಾಣದಲ್ಲಿ 2018ರಲ್ಲೇ ನೋಂದಣಿ ದಾಖಲೆಗಳ ಬೆರಳಚ್ಚುಗಳನ್ನು ಸಿಮ್ ಕಾರ್ಡ್ ವಂಚನೆಗೆ ಬಳಸಿದ್ದು ಪತ್ತೆಯಾಗಿದ್ದುದರಿಂದ, ಕರ್ನಾಟಕ ಈ ಎಚ್ಚರಿಕೆ ವಹಿಸಿದ್ದು ತಡವಾಗಿ ಎಂದೇ ಹೇಳಬೇಕು. ಜಾಲತಾಣದ ಸಂಕಷ್ಟ ಅಲ್ಲಿಗೇ ಮುಗಿಯಲಿಲ್ಲ; 2025ರ ಆರಂಭದಲ್ಲಿ ಇದೇ ಕಾವೇರಿ 2.0 ತಂತ್ರಾಂಶವು ಡಿಡಿಒಎಸ್ ದಾಳಿಗೆ, ಅಂದರೆ ಸುಳ್ಳು ಕೋರಿಕೆಗಳ ಮಹಾಪೂರದಿಂದ ವ್ಯವಸ್ಥೆಯನ್ನು ಉಸಿರುಗಟ್ಟಿಸುವ ದಾಳಿಗೆ ಸಿಲುಕಿ, ನೋಂದಣಿ ಕಾರ್ಯ ದಿನಗಟ್ಟಲೆ ಅಸ್ತವ್ಯಸ್ತವಾಯಿತು.

ಮೊಬೈಲ್ ನೆಟ್‌ವರ್ಕ್‌ಗಾಗಿ ಹೋರಾಟವನ್ನೇ ನಡೆಸಬೇಕಾದ ಶರಾವತಿ ಹಿನ್ನೀರಿನ ಊರುಗಳಲ್ಲಿ ಹಣ ಕಡಿತದ ಸಂದೇಶ ತಡವಾಗಿ ತಲುಪಿದರೆ ದೂರೂ ತಡವಾಗುತ್ತದೆ. ರಿಸರ್ವ್ ಬ್ಯಾಂಕಿನ 2017ರ ಸುತ್ತೋಲೆಯಾದರೋ, ಗ್ರಾಹಕರ ತಪ್ಪಿಲ್ಲದ ಇಂತಹ ನಷ್ಟದಿಂದ ಪೂರ್ಣ ರಕ್ಷಣೆ ಸಿಗಬೇಕಾದರೆ ಸಂದೇಶ ಬಂದ ಮೂರು ಕೆಲಸದ ದಿನಗಳೊಳಗೆ ಬ್ಯಾಂಕಿಗೆ ತಿಳಿಸಬೇಕೆಂದು ವಿಧಿಸಿತ್ತು. ಆದ್ದರಿಂದ ಆಸ್ತಿ ನೋಂದಣಿ ಮಾಡಿಸಿದವರು ಆಧಾರ್ ಆ್ಯಪ್‌ನಲ್ಲಿ ಬೆರಳಚ್ಚಿನ ಬಳಕೆಯನ್ನು ತಡೆಯುವ ಬಯೋಮೆಟ್ರಿಕ್ ಲಾಕ್ ಹಾಕಿಕೊಂಡು ಪಡಿತರ ತರುವ ದಿನ ಮಾತ್ರ ತೆರೆಯುವುದು ಒಳಿತು. ಹಣ ಹೋದುದು ತಿಳಿದ ಕೂಡಲೇ ಬ್ಯಾಂಕಿಗೂ 1930 ಸಹಾಯವಾಣಿಗೂ ಕರೆ ಮಾಡಬೇಕು.