ಇಳಿಜಾರಿನಲ್ಲಿ ಅವಸರ ಬೇಡ

ಒಂದು ಕಾಲಕ್ಕೆ ನಮ್ಮ ಹಳ್ಳಿಗಳಲ್ಲಿ ಸೈಕಲ್ಲಿಲ್ಲದೆ ಕೆಲಸ ಸಾಗುತ್ತಿರಲಿಲ್ಲ. ಹಾಲಿನ ಕ್ಯಾನು, ಹುಲ್ಲಿನ ಹೊರೆ, ಗೊಬ್ಬರದ ಮೂಟೆ, ಶಾಲೆಗೆ ಹೋಗುವ ಮಗು ಎಲ್ಲವೂ ಅದರ ಮೇಲೆಯೇ. ಈಗ ಮೋಟಾರು ಬೈಕು ಬಂದು ಸೈಕಲ್ಲು ಕೊಟ್ಟಿಗೆಯ ಮೂಲೆ ಸೇರಿದೆ. ಅದನ್ನು ಮತ್ತೆ ಹೊರಗೆ ತೆಗೆದು ನೀಲಗಿರಿಯ ಕಣಿವೆಗಳನ್ನು ನೋಡಿ ಬರೋಣವೆಂದು ತಾಳವಾಡಿ ಕಡೆಯ ನಾವು ಏಳು ಮಂದಿ 2024ರ ಸೆಪ್ಟೆಂಬರ್ ಕೊನೆಯಲ್ಲಿ, ಮಕ್ಕಳ ಕಾಲು ವರ್ಷದ ಪರೀಕ್ಷೆಯ ರಜೆಯಲ್ಲಿ ಹೊರಟೆವು. ನಾಲ್ವರು ಬೇಸಾಯಗಾರರು, ಒಬ್ಬರು ಸೈಕಲ್ ರಿಪೇರಿಯವರು, ಒಬ್ಬರು ನಿವೃತ್ತ ಮೇಷ್ಟ್ರು, ಇನ್ನೊಬ್ಬ ಅವರ ಸೋದರಳಿಯ, ಕಾಲೇಜು ಓದುವ ಹುಡುಗ.

ಊಟಿಯವರೆಗೆ ಸೈಕಲ್ ತುಳಿಯಲಿಲ್ಲ. ಗುಂಡ್ಲುಪೇಟೆ, ಬಂಡೀಪುರ, ಗೂಡಲೂರು ದಾರಿ ಆನೆ ಓಡಾಡುವ ಕಾಡು. ಬಂಡೀಪುರದಲ್ಲಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಸಂಚಾರಕ್ಕೆ ತಡೆಯೂ ಇದೆ. ಆದ್ದರಿಂದ ಸೈಕಲ್ಲುಗಳನ್ನು ಟೆಂಪೋದಲ್ಲಿ ಏರಿಸಿಕೊಂಡು ಹಗಲಿನಲ್ಲೇ ಹೋದೆವು. 2024ರ ಮೇ ತಿಂಗಳಿನಲ್ಲಿ ನೀಲಗಿರಿಗೆ ಬರುವ ಹೊರಗಿನ ವಾಹನಗಳಿಗೆ ಇ-ಪಾಸ್ ಜಾರಿಯಾಗಿತ್ತು. ಟೆಂಪೋಗೆ ಅದನ್ನು ಮೊದಲೇ ಮಾಡಿಸಿದ್ದೆವು.

ಬಿಸಿಯಾದ ರಿಮ್ಮು

ಊಟಿ ಸಮುದ್ರ ಮಟ್ಟದಿಂದ ಸುಮಾರು 2,240 ಮೀಟರ್ ಎತ್ತರದಲ್ಲಿದೆ. ಅಲ್ಲಿಂದ ಎಮರಾಲ್ಡ್ ಜಲಾಶಯಕ್ಕೆ ಸುಮಾರು 25 ಕಿಲೋಮೀಟರ್. ಹೋಗುವಾಗ ಹೆಚ್ಚಾಗಿ ಇಳಿತ, ಬರುವಾಗ ಏರು. ಈ ಒಂದು ಮಾತನ್ನು ನಾವು ಸರಿಯಾಗಿ ಯೋಚಿಸಿರಲಿಲ್ಲ. ಬೆಳಗಿನ ಚಳಿಯಲ್ಲಿ ಹಗುರವಾಗಿ ಇಳಿಯುತ್ತಾ ಹೋದರೆ ಸಂಜೆಯ ಏರು ಯಾರಿಗೆ ನೆನಪಾಗುತ್ತದೆ?

ಮುತ್ತೊರೈ ಹತ್ತಿರ ಬರುವಷ್ಟರಲ್ಲಿ ರಿಪೇರಿಯವರು ಎಲ್ಲರನ್ನೂ ನಿಲ್ಲಿಸಿದರು. ನಮ್ಮಲ್ಲೊಬ್ಬರು ಭಯದಿಂದ ಬ್ರೇಕನ್ನು ಹಿಡಿದ ಹಿಡಿ ಬಿಡದೆ ಇಳಿದು ಬಂದಿದ್ದರು. "ರಿಮ್ಮು ಮುಟ್ಟಿ ನೋಡಿ ಅಣ್ಣ" ಎಂದರು. ಮುಟ್ಟಿದವರು ಕೈ ಎಳೆದುಕೊಂಡರು. ಹಾಗೆ ಕಾದ ರಿಮ್ಮಿನಲ್ಲಿ ಟ್ಯೂಬು ಸಿಡಿಯಬಹುದು, ರಬ್ಬರ್ ಕಟ್ಟೆಯ ಹಿಡಿತವೂ ಕಡಿಮೆಯಾಗಬಹುದು. ಎರಡೂ ಬ್ರೇಕನ್ನು ಒಟ್ಟಿಗೆ ಹಿಡಿದು ಬಿಡಬೇಕು, ಮತ್ತೆ ಹಿಡಿದು ಬಿಡಬೇಕು. ಮೈಭಾರ ಹಿಂದಕ್ಕಿರಲಿ. ತಿರುವಿಗೆ ಬರುವ ಮೊದಲೇ ವೇಗ ಇಳಿಸಬೇಕೇ ಹೊರತು ತಿರುವಿನೊಳಗೆ ಅಲ್ಲ. ಮಳೆಯಲ್ಲಿ ನೆನೆದ ಉಕ್ಕಿನ ರಿಮ್ಮಿಗೆ ಬ್ರೇಕು ತಡವಾಗಿ ಹಿಡಿಯುವುದರಿಂದ ಇನ್ನೂ ಮುಂಚೆ. ಹಳೆಯ ರಾಡ್ ಬ್ರೇಕಿನ ಸೈಕಲ್ಲುಗಳನ್ನು ಅವರು ಊರಲ್ಲೇ ಬಿಡಿಸಿದ್ದು ಏಕೆಂದು ಆಗ ಅರ್ಥವಾಯಿತು.

ಎರಡು ಹೊಲ, ಎರಡು ಬಣ್ಣದ ನೀರು

ಮುತ್ತೊರೈಯಲ್ಲಿ ಕೇಂದ್ರ ಸರ್ಕಾರದ ಆಲೂಗಡ್ಡೆ ಸಂಶೋಧನಾ ಕೇಂದ್ರವಿದೆ. ಅಲ್ಲಿಂದ ಮುಂದೆ ನಂಜನಾಡು ಕಡೆಗೆ ಇಳಿಯುತ್ತಿದ್ದಂತೆ ಗುಡ್ಡದ ಮೈಯೆಲ್ಲ ಕ್ಯಾರೆಟ್, ಆಲೂಗಡ್ಡೆ, ಕೋಸು, ಬೀಟ್‌ರೂಟ್, ಬೆಳ್ಳುಳ್ಳಿ. ಹಿಂದಿನ ರಾತ್ರಿ ಒಂದು ಹದ ಮಳೆಯಾಗಿತ್ತು. ಕಾರಿನಲ್ಲಿ ಹೋಗುವವರು "ಎಷ್ಟು ಚೆಂದ" ಎಂದು ಹೇಳಿ ಮುಗಿಸುವ ಜಾಗದಲ್ಲಿ ನಾವು ಮೆಲ್ಲಗೆ ಹೋಗುತ್ತಿದ್ದುದರಿಂದ ಒಂದು ವಿಷಯ ಕಣ್ಣಿಗೆ ಬಿತ್ತು. ರಸ್ತೆ ಬದಿಯ ಚರಂಡಿಗೆ ಒಂದು ಹೊಲದಿಂದ ಕೆಂಪು ನೀರು ಬರುತ್ತಿತ್ತು, ಅದರ ಪಕ್ಕದ ಹೊಲದಿಂದ ಹೆಚ್ಚುಕಡಿಮೆ ತಿಳಿನೀರು.

ಕೆಂಪು ನೀರಿನ ಹೊಲದಲ್ಲಿ ಪಾತಿಗಳು ಮೇಲಿನಿಂದ ಕೆಳಕ್ಕೆ, ಇಳಿಜಾರಿನ ಉದ್ದಕ್ಕೆ ಇದ್ದವು. ಹಾಗೆ ಮಾಡುವುದು ಅರಿಯದೆ ಅಲ್ಲ. ನೀರು ನಿಂತರೆ ಗೆಡ್ಡೆ ಕೊಳೆಯುತ್ತದೆ, ಆದ್ದರಿಂದ ನೀರು ಬೇಗ ಇಳಿದು ಹೋಗಲಿ ಎಂದು. ಆದರೆ ಬೇಗ ಇಳಿಯುವ ನೀರು ಬರಿಗೈಯಲ್ಲಿ ಹೋಗುವುದಿಲ್ಲ. ಹಾಕಿದ ಗೊಬ್ಬರವನ್ನೂ ಮೇಲ್ಮಣ್ಣನ್ನೂ ಹೊತ್ತುಕೊಂಡೇ ಹೋಗುತ್ತದೆ. ಪಕ್ಕದ ಹೊಲದಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಕಡಿದ ಪಟ್ಟಿಗಳು. ಪ್ರತಿ ಮೆಟ್ಟಿಲೂ ಹೊರಕ್ಕಲ್ಲ, ಗುಡ್ಡದ ಕಡೆಗೆ ಸ್ವಲ್ಪ ಓರೆ. ಅಂಚಿನ ಮೇಲೆ ಹುಲ್ಲು. ಒಳಮೂಲೆಯಲ್ಲಿ ಕಿರುಕಾಲುವೆ, ಅದರಲ್ಲಿ ನೀರು ಅಡ್ಡಡ್ಡವಾಗಿ ನಿಧಾನಕ್ಕೆ ಹರಿದು ಹುಲ್ಲು ಬೆಳೆಸಿದ ಓಣಿಯಲ್ಲಿ ಇಳಿಯುತ್ತದೆ. ಕೊನೆಯಲ್ಲಿ ಮೊಣಕಾಲುದ್ದದ ಒಂದು ಗುಂಡಿ. ಬಂದ ಮಣ್ಣು ಅದರಲ್ಲಿ ತಂಗುತ್ತದೆ, ರೈತ ಅದನ್ನು ಬುಟ್ಟಿಯಲ್ಲಿ ಮತ್ತೆ ಮೇಲಕ್ಕೆ ಹಾಕುತ್ತಾನೆ. ಇಲ್ಲಿ ಗೆಡ್ಡೆಯೂ ಕೊಳೆಯುವುದಿಲ್ಲ, ಮಣ್ಣೂ ಉಳಿಯುತ್ತದೆ.

ಹೋದ ಮಣ್ಣು ಎಲ್ಲಿಗೆ ಹೋಗುತ್ತದೆಂದು ಎಮರಾಲ್ಡ್ ದಡದಲ್ಲಿ ನಿಂತಾಗ ಕಂಡೆವು. ಬೆಟ್ಟಗಳ ನಡುವೆ ಹರಡಿಕೊಂಡ ನೀರು, ಸುತ್ತಲೂ ಚಹಾ ತೋಟ, ಮೇಲೆ ಮಂಜು. ಆದರೆ ತೊರೆ ಬಂದು ಸೇರುವ ಮೂಲೆಯಲ್ಲಿ ನೀರು ಕೆಂಪು. ಎಮರಾಲ್ಡ್ ಮತ್ತು ಅದರ ಜೊತೆಯ ಅವಲಾಂಚಿ ಎರಡೂ ಕುಂದಾ ಜಲವಿದ್ಯುತ್ ಯೋಜನೆಯ ಜಲಾಶಯಗಳು. ಈ ನೀರು ವಿದ್ಯುತ್ ಕೊಟ್ಟು, ಕೆಳಗಿಳಿದು ಭವಾನಿ ನದಿ ಸೇರಿ, ಪಿಲ್ಲೂರು ಅಣೆಕಟ್ಟಿನಿಂದ ಕೊಯಮತ್ತೂರಿನವರಿಗೆ ಕುಡಿಯಲು ಹೋಗುತ್ತದೆ. ಮುಂದೆ ಭವಾನಿಸಾಗರದಿಂದ ಈರೋಡು ಜಿಲ್ಲೆಯ ಹೊಲಗಳಿಗೆ ಹರಿಯುತ್ತದೆ. ಜಲಾಶಯದಲ್ಲಿ ಹೂಳು ಕೂತಷ್ಟು ನೀರಿಗೆ ಜಾಗ ಕಡಿಮೆ. 2019ರ ಆಗಸ್ಟಿನಲ್ಲಿ ಅವಲಾಂಚಿಯಲ್ಲಿ ಒಂದೇ ದಿನಕ್ಕೆ 91 ಸೆಂಟಿಮೀಟರ್ ಮಳೆ ಸುರಿಯಿತು. ಅಂಥ ಮಳೆಯನ್ನು ಯಾರೂ ತಡೆಯಲಾರರು. ಆದರೆ ಹದ ಮಳೆಗೇ ಕೆಂಪಾಗುವ ಹೊಲಕ್ಕೆ ಅಂಥ ದಿನ ಏನಾಗುತ್ತದೆ ಎಂಬುದನ್ನು ಯೋಚಿಸಬಹುದು.

ಮೇಷ್ಟ್ರು ಮೌನವಾದಾಗ

ಮಧ್ಯಾಹ್ನ ಹಿಂದಿರುಗುವ ಏರು ಆರಂಭವಾಯಿತು. ಒಂದು ಗಂಟೆ ತುಳಿದ ಮೇಲೆ ಮೇಷ್ಟ್ರು ಮಾತು ನಿಲ್ಲಿಸಿದರು. ದಾರಿಯುದ್ದಕ್ಕೂ ಗಿಡದ ಹೆಸರು ಹೇಳುತ್ತಿದ್ದವರು ಅಳಿಯನ ಮೇಲೆ ಕಾರಣವಿಲ್ಲದೆ ರೇಗಿದರು. ದಣಿವು ಎಂದುಕೊಂಡೆವು. ಹುಡುಗ ಹತ್ತಿರ ಹೋಗಿ, "ಮಾವ, ಇಷ್ಟು ಚಳಿಗಾಳಿಯಲ್ಲಿ ನಿಮಗೇಕೆ ಹೀಗೆ ಬೆವರು?" ಎಂದ. ಕೈ ಬೇರೆ ನಡುಗುತ್ತಿತ್ತು. ಅವರಿಗೆ ಸಕ್ಕರೆ ಕಾಯಿಲೆ. ಬೆಳಿಗ್ಗೆ ಮಾತ್ರೆ ನುಂಗಿದ್ದಾರೆ, ಎರಡೇ ಇಡ್ಲಿ ತಿಂದಿದ್ದಾರೆ. ಮಧ್ಯಾಹ್ನದ ಬುತ್ತಿಯನ್ನು "ಊಟಿಗೆ ಹೋಗಿಯೇ ಉಣ್ಣೋಣ" ಎಂದು ಕಟ್ಟಿಯೇ ಇಟ್ಟಿದ್ದಾರೆ.

ನಮ್ಮ ಚೀಲದಲ್ಲಿ ಕಡಲೆ ಮಿಠಾಯಿ ಇತ್ತು. ಆದರೆ ಅದರ ಎಣ್ಣೆಯಿಂದಾಗಿ ಸಕ್ಕರೆ ರಕ್ತಕ್ಕೆ ನಿಧಾನವಾಗಿ ಸೇರುತ್ತದೆ. ಪುಣ್ಯಕ್ಕೆ ತಿರುವಿನಲ್ಲೇ ಒಂದು ಟೀ ಅಂಗಡಿ. ಅಂಗಡಿಯ ತಾಯಿ ಬಡಗ ಮಾತಿನಲ್ಲಿ ಕೇಳಿದ್ದು ನಮಗೆ ಅರ್ಥವಾಯಿತು, ನಮ್ಮ ಕನ್ನಡ ಅವರಿಗೂ ಅರ್ಥವಾಯಿತು. ಒಂದು ಲೋಟ ನೀರಿಗೆ ಮೂರು ಚಮಚ ಸಕ್ಕರೆ ಕಲಸಿ ಕೊಟ್ಟರು. ಕಾಲು ಗಂಟೆ ಕಾದು ಇನ್ನೊಮ್ಮೆ ಕುಡಿಸಿದೆವು. ನಡುಕ ನಿಂತಿತು. ಬುತ್ತಿ ಬಿಚ್ಚಿ ಉಣ್ಣಿಸಿದೆವು. ಆಮೇಲೆ ಮೇಷ್ಟ್ರು ಮೊದಲು ಕೇಳಿದ ಮಾತು, "ನಾನು ಯಾರನ್ನಾದರೂ ಬೈದೆನೇ?" ಮುಂದಿನ ದಾರಿಗೆ ಅವರನ್ನೂ ಅವರ ಸೈಕಲ್ಲನ್ನೂ ಟೆಂಪೋ ಕರೆಸಿ ಹತ್ತಿಸಿದೆವು. ಉಳಿದವರು ಕಡಿದಾದ ಕಡೆ ಇಳಿದು ತಳ್ಳಿಕೊಂಡು ಹೋದೆವು. ಅದರಲ್ಲಿ ನಾಚಿಕೆಯೇನೂ ಇಲ್ಲ.

ಹೊರಡುವವರು ನೆನಪಿಡಬೇಕಾದದ್ದು

1. ಸೀಟಿನ ಎತ್ತರ ಸರಿಮಾಡಿಕೊಳ್ಳಿ. ಕೆಳಗಿನ ಪೆಡಲಿನ ಮೇಲೆ ಹಿಮ್ಮಡಿ ಇಟ್ಟಾಗ ಕಾಲು ನೇರವಾಗಬೇಕು. ಸೀಟು ತೀರಾ ತಗ್ಗಾದರೆ ಮಂಡಿ ನೋವು ಖಂಡಿತ.

2. ಎತ್ತರದ ಚಳಿಯಲ್ಲಿ ಬಾಯಾರಿಕೆ ಗೊತ್ತಾಗುವುದಿಲ್ಲ. ಗಂಟೆಗೊಮ್ಮೆಯಾದರೂ ನಿಂತು ನೀರು ಕುಡಿಯಿರಿ.

3. ಸಕ್ಕರೆ ಕಾಯಿಲೆಗೆ ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುವವರು ಹೊರಡುವ ಮೊದಲು ವೈದ್ಯರನ್ನು ಕೇಳಿ. ಪ್ರಮಾಣವನ್ನು ತಾವೇ ಬದಲಿಸಬೇಡಿ. ಜೇಬಿನಲ್ಲಿ ಗ್ಲೂಕೋಸ್ ಅಥವಾ ಸಕ್ಕರೆ ಇರಲಿ, ಊಟ ತಪ್ಪಿಸಬೇಡಿ. ದಣಿದ ದಿನದ ರಾತ್ರಿಯೂ ಸಕ್ಕರೆ ಇಳಿಯಬಹುದು.

4. ಬೆವರು, ನಡುಕ, ಹಸಿವು, ಗಲಿಬಿಲಿ, ಸುಮ್ಮಸುಮ್ಮನೆ ಸಿಟ್ಟು: ಇವು ಸಕ್ಕರೆ ಇಳಿದ ಗುರುತುಗಳು. ಎಚ್ಚರ ತಪ್ಪಿದವರ ಬಾಯಿಗೆ ಏನೂ ಹಾಕಬೇಡಿ, ಕೂಡಲೇ ಆಸ್ಪತ್ರೆಗೆ ಒಯ್ಯಿರಿ.

5. ಎದೆನೋವು ಅಥವಾ ಹೃದಯದ ತೊಂದರೆ ಇರುವವರು ವೈದ್ಯರ ಒಪ್ಪಿಗೆ ಇಲ್ಲದೆ ಏರು ತುಳಿಯಬಾರದು.

ಊರಿಗೆ ಬಂದ ವಾರದಲ್ಲೇ ಮೇಷ್ಟ್ರು ವೈದ್ಯರನ್ನು ಕಂಡು ಮಾತ್ರೆಯ ವಿಷಯ ಸರಿಮಾಡಿಸಿಕೊಂಡರು. ಈಗಲೂ ದಿನಕ್ಕೆ ಅರ್ಧ ಗಂಟೆ ಊರ ಸಮತಟ್ಟು ರಸ್ತೆಯಲ್ಲಿ ಸೈಕಲ್ ತುಳಿಯುತ್ತಾರೆ, ಜೇಬಿನಲ್ಲಿ ಸಕ್ಕರೆ ಪೊಟ್ಟಣ ಸಮೇತ. ರಿಮ್ಮು ಕಾಯಿಸಿದ ನಮ್ಮ ಅಣ್ಣ ಆ ಸಲದ ಉಳುಮೆಯನ್ನು ಇಳಿಜಾರಿಗೆ ಅಡ್ಡವಾಗಿ ಮಾಡಿ, ಕೋಸಿನ ಹೊಲದ ಕೆಳಮೂಲೆಯಲ್ಲಿ ಒಂದು ಗುಂಡಿ ತೋಡಿಸಿದರು. ಹಿಂಗಾರು ಮಳೆ ಮುಗಿದ ಮೇಲೆ ಅದರಿಂದ ಹನ್ನೊಂದು ಬುಟ್ಟಿ ಮಣ್ಣು ತೆಗೆದು ಹೊಲದ ಮೇಲ್ತುದಿಗೆ ಹಾಕಿದ್ದನ್ನು ನಾವೇ ನೋಡಿದ್ದೇವೆ. "ಇಷ್ಟು ವರ್ಷ ಇದೆಲ್ಲ ಹಳ್ಳದ ಪಾಲಾಗುತ್ತಿತ್ತಲ್ಲ" ಎಂದರು. ಓದುಗರೂ ಮುಂದಿನ ಮಳೆಯಲ್ಲಿ ತಮ್ಮ ಹೊಲದ ಕೆಳಮೂಲೆಗೆ ಹೋಗಿ, ಹೊರಗೆ ಹೋಗುವ ನೀರಿನ ಬಣ್ಣವನ್ನು ಒಮ್ಮೆ ನೋಡಬೇಕೆಂದು ನಮ್ಮ ಕೋರಿಕೆ.